‘ಮರುಬಳಕೆಗೆ ಯೋಗ್ಯ’ ಎಂದು ಅಚ್ಚಾದ ಪ್ಲಾಸ್ಟಿಕ್ ಪ್ಯಾಕೇಜಿನಿಂದ ಕಸ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಬಿಳಿಹಾಳೆ (ಪ್ರಶ್ನೆ)

500 ಮಿ.ಲೀ. ದ್ರವ ಸೋಪಿಗೆ ಪ್ಯಾಕೇಜು ಆರಿಸಬೇಕಾಗಿದೆ. ಎದುರಿಗೆ ಮೂರು ದಾರಿ ಇವೆ.

ಅ) ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್), ಅಲ್ಯೂಮಿನಿಯಂ, ಪಾಲಿಎಥಿಲೀನ್ ಮೂರನ್ನೂ ಅಂಟಿಸಿದ ಬಹುಪದರ ಪೌಚು, 9 ಗ್ರಾಂ. ಇದು ಮರುಬಳಕೆ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ.
ಆ) ಪೂರ್ತಿ ಪಾಲಿಎಥಿಲೀನಿನದೇ ಪೌಚು, 12 ಗ್ರಾಂ. ‘ಮರುಬಳಕೆಗೆ ಯೋಗ್ಯ’ ಎಂದು ಅಚ್ಚು ಹಾಕಿಸಬಹುದಂತೆ.
ಇ) ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಬಾಟಲಿ, ಮುಚ್ಚಳ ಸೇರಿ 36 ಗ್ರಾಂ. ಇದಕ್ಕೂ ಅದೇ ಗುರುತು ಸಿಗುತ್ತದೆ.

ಗುರುತು ಇರುವುದನ್ನು ಆರಿಸಿದ ಮಾತ್ರಕ್ಕೆ ಕಸ ಕಡಿಮೆ ಆದಂತೆಯೇ? ಬಾಟಲಿಯ ತೂಕ ಬಹುಪದರ ಪೌಚಿನ 4 ಪಟ್ಟು ಇದೆ, ಅದೇ ಯೋಚನೆಗೆ ಹಚ್ಚಿರುವುದು. ಇದನ್ನು ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು?

ತೇಲುಮುಳುಗು

ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಮರುಬಳಕೆ’ ಎಂಬ ಒಂದೇ ಮಾತು ಎರಡು ಬೇರೆ ಕೆಲಸಗಳಿಗೆ ಓಡಾಡುತ್ತಿದೆ. ಬಾಟಲಿಯನ್ನು ತೊಳೆದು ಮತ್ತೆ ತುಂಬಿದರೆ ಅದು ಮರುಬಳಕೆ. ಪುಡಿ ಮಾಡಿ, ತೊಳೆದು, ಕರಗಿಸಿ, ಹರಳು ತೆಗೆದು ಬೇರೆ ವಸ್ತು ಮಾಡಿದರೆ ಅದು ಮರುಸಂಸ್ಕರಣೆ. ಪ್ಯಾಕೇಜಿನ ಮೇಲಿನ ಅಚ್ಚು ಎರಡನೆಯದರ ಬಗ್ಗೆ. ಅದರಲ್ಲೂ ‘ಆಗುತ್ತದೆ’ ಎಂದಲ್ಲ, ‘ಆಗಬಹುದು’ ಎಂದಷ್ಟೇ.

ಅಂಕಿ ಒಳಗಿರುವ ಬಾಣಗಳ ತ್ರಿಕೋನಕ್ಕಂತೂ ಆ ಅರ್ಥವೂ ಇಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅದನ್ನು ತಂದದ್ದು ಪ್ಲಾಸ್ಟಿಕ್ಕಿನ ಜಾತಿ ಗುರುತಿಸಲು: 1 ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್), 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. ಜನ ಅದನ್ನು ಮರುಸಂಸ್ಕರಣೆಯ ಭರವಸೆ ಎಂದು ಓದಿಕೊಂಡರು. ಈ ತಪ್ಪು ಓದು ತಪ್ಪಿಸಲೆಂದೇ 2013ರಲ್ಲಿ ಬಾಣಗಳನ್ನು ತೆಗೆದು ಬರಿಯ ತ್ರಿಕೋನ ಮಾಡಲಾಯಿತು. ಹಳೆಯ ಅಚ್ಚುಗಳಲ್ಲಿ ಬಾಣಗಳು ಇನ್ನೂ ಉಳಿದಿವೆ.

ಈಗ ಲೆಕ್ಕ. ಪ್ಯಾಕೇಜು ಹೊಸ ಹರಳಾಗಿ ಹೊರಬರಬೇಕಾದರೆ ಮೂರು ಬಾಗಿಲು ದಾಟಬೇಕು: ಸಂಗ್ರಹ, ವಿಂಗಡಣೆ, ಸಂಸ್ಕರಣೆ. ಮೂರರ ಪ್ರಮಾಣವನ್ನು ಗುಣಿಸಬೇಕು, ಕೂಡುವಂತಿಲ್ಲ. ಉದಾಹರಣೆಗೆ ಬಾಟಲಿಗಳಲ್ಲಿ ಶೇ 60 ಸಂಗ್ರಹವಾಗಿ, ಅದರಲ್ಲಿ ಶೇ 85 ಸರಿಯಾದ ಸಾಲಿಗೆ ಬಿದ್ದು, ಘಟಕದ ಇಳುವರಿ (ಒಳಬಂದದ್ದರಲ್ಲಿ ಹರಳಾಗುವ ಪಾಲು) ಶೇ 80 ಇದ್ದರೆ, 0.60 × 0.85 × 0.80 = 0.41. ಪ್ರತಿ ಹಂತವೂ ಬಿಡಿಯಾಗಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಕೊನೆಗೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಇದು ಮಾದರಿ ಲೆಕ್ಕ; ನಿಮ್ಮ ಮಾಲು ಹೋಗುವ ಕಡೆಯ ಮೂರು ಸಂಖ್ಯೆಗಳನ್ನು ಹಾಕಿಕೊಳ್ಳಿ.

ಜಗತ್ತಿನ ಒಟ್ಟು ಚಿತ್ರವೂ ಇದೇ ಕಥೆ ಹೇಳುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2019ರಲ್ಲಿ ಆದ ಪ್ಲಾಸ್ಟಿಕ್ ಕಸ 35.3 ಕೋಟಿ ಟನ್. ಮರುಸಂಸ್ಕರಣೆಗೆಂದು ಕೂಡಿಸಿದ್ದು ಶೇ 15, ನಿಜಕ್ಕೂ ಸಂಸ್ಕರಣೆಯಾದದ್ದು ಶೇ 9. ನಡುವಿನ ಶೇ 6 ತಿರಸ್ಕೃತ ಮಾಲಾಗಿ ಮತ್ತೆ ಕಸಕ್ಕೇ ಹೋಯಿತು. ಹಾಗಾಗಿ ಯಾರಾದರೂ ‘ಇಷ್ಟು ಶೇಕಡಾ ಮರುಬಳಕೆ’ ಎಂದರೆ ಎಲ್ಲಿ ತೂಗಿದ ಸಂಖ್ಯೆ ಎಂದು ಕೇಳಿ. ಕಸದ ಲಾರಿಯಲ್ಲಿ ತೂಗಿದ್ದಕ್ಕೂ, ತೊಳೆದ ಚೂರುಗಳನ್ನು ತೂಗಿದ್ದಕ್ಕೂ ತುಂಬಾ ಅಂತರ.

ಮಾಲು ಎಲ್ಲಿ ಸೋರುತ್ತದೆ ಎಂದರೆ:

ವಿಂಗಡಣೆಯಲ್ಲಿ ಯಂತ್ರ ನೋಡುವುದು ಅವಕೆಂಪು ಕಿರಣದಲ್ಲಿ. ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಆ ಕಿರಣವನ್ನು ನುಂಗಿಬಿಡುತ್ತದೆ. ಕಪ್ಪು ತಟ್ಟೆ ಅಪ್ಪಟ ಪಾಲಿಪ್ರೊಪಿಲೀನೇ ಆಗಿದ್ದರೂ ಯಂತ್ರಕ್ಕೆ ಅಲ್ಲಿ ಏನೂ ಕಾಣುವುದಿಲ್ಲ, ಸೀದಾ ತಿರಸ್ಕೃತ ರಾಶಿಗೆ ಹೋಗುತ್ತದೆ. ಮೈತುಂಬ ಸ್ಲೀವ್ (ಅಚ್ಚು ಹಾಕಿದ ಪ್ಲಾಸ್ಟಿಕ್ ಹೊದಿಕೆ) ಹೊದಿಸಿದ ಬಾಟಲಿಯಲ್ಲಿ ಯಂತ್ರ ಓದುವುದು ಸ್ಲೀವನ್ನು, ಬಾಟಲಿಯನ್ನಲ್ಲ. ಸುಮಾರು 5 ಸೆಂ.ಮೀ.ಗಿಂತ ಚಿಕ್ಕ ವಸ್ತುಗಳು, ಅಂದರೆ ಸ್ಯಾಶೆ, ಬಿಡಿ ಮುಚ್ಚಳ, ಹರಿದ ಮೂಲೆ, ಮೊದಲ ಜರಡಿಯಲ್ಲೇ ಗಾಜಿನ ಚೂರಿನ ಜೊತೆ ಕೆಳಗೆ ಬೀಳುತ್ತವೆ. ತೆಳು ಹಾಳೆಗಳು ಜರಡಿಯ ತಿರುಗುವ ದಂಡಗಳಿಗೆ ಸುತ್ತಿಕೊಳ್ಳುತ್ತವೆ. ಯಂತ್ರ ನಿಲ್ಲಿಸಿ ಚಾಕುವಿನಿಂದ ಕೊಯ್ದು ತೆಗೆಯದೆ ಬೇರೆ ದಾರಿ ಇಲ್ಲ.

ತೊಳೆಯುವ ತೊಟ್ಟಿಯಲ್ಲಿ ನೀರೇ ತಕ್ಕಡಿ. ನೀರಿನ ಸಾಂದ್ರತೆ 1; ಪಾಲಿಪ್ರೊಪಿಲೀನಿನದು 0.90, ಎಚ್‌ಡಿಪಿಇ 0.95, ಎರಡೂ ತೇಲುತ್ತವೆ. ಪೆಟ್ 1.38, ಮುಳುಗುತ್ತದೆ. ಪಿವಿಸಿಯೂ ಸುಮಾರು ಅಷ್ಟೇ ಭಾರ, ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗಿಸುವ 260–280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿವಿಸಿ ವಿಭಜನೆಗೊಂಡು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಪೆಟ್ ಹಳದಿಗಟ್ಟಿ ಅದರ ಅಣುಸರಪಳಿ ತುಂಡಾಗುತ್ತದೆ. ಜೈವಿಕ ಪ್ಲಾಸ್ಟಿಕ್ ಎನ್ನುವ ಪಿಎಲ್‌ಎ ಸಾಂದ್ರತೆ 1.24, ಅದೂ ಪೆಟ್ ಜೊತೆ ಮುಳುಗಿ, ಮುಂದೆ 160–170 ಡಿಗ್ರಿಯ ಒಣಗಿಸುವ ಯಂತ್ರದಲ್ಲಿ ಮೆತ್ತಗಾಗಿ ಚೂರುಗಳನ್ನು ಮುದ್ದೆ ಕಟ್ಟಿಸುತ್ತದೆ. ಚೂರುಗಳಲ್ಲಿ ಸುಮಾರು 50 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ) ಹೆಚ್ಚು ತೇವ ಉಳಿದರೂ ಕರಗಿಸುವಾಗ ನೀರೇ ಪೆಟ್ ಸರಪಳಿಯನ್ನು ಕತ್ತರಿಸುತ್ತದೆ. ಆ ಮಾಲು ಮತ್ತೆ ಬಾಟಲಿಗೆ ಒದಗುವುದಿಲ್ಲ.

ಮೈಕ್ರಾನ್

ಮೇಲಿನ ಸೂತ್ರವನ್ನೇ ನಿಮ್ಮ ಮೂರು ಪ್ಯಾಕೇಜುಗಳಿಗೆ ಹಚ್ಚಿ ನೋಡೋಣ. ಉಳಿಯುವ ಕಸ = ತೂಕ × (1 − ಮರಳಿ ಸಿಕ್ಕ ಪಾಲು).

ಬಹುಪದರ ಪೌಚು: 9 × 1 = 9 ಗ್ರಾಂ.
ಬಾಟಲಿ, ಮೇಲಿನ 0.41 ಇಟ್ಟುಕೊಂಡರೆ: 36 × 0.59 = 21 ಗ್ರಾಂ.
ಏಕವಸ್ತು ಪೌಚು (ಪೂರ್ತಿ ಪಾಲಿಎಥಿಲೀನಿನದು), ಸಂಗ್ರಹ ಶೇ 10, ವಿಂಗಡಣೆ ಶೇ 60, ಇಳುವರಿ ಶೇ 70 ಎಂದುಕೊಂಡರೆ ಮರಳುವುದು ಶೇ 4 ಮಾತ್ರ: 11.5 ಗ್ರಾಂ.

ಅಂದರೆ ಯಾವ ಗುರುತೂ ಇಲ್ಲದ ಪೌಚೇ ಅತಿ ಕಡಿಮೆ ಕಸ ಮಾಡುತ್ತಿದೆ! ಇಲ್ಲಿ ಉಪಯೋಗಕ್ಕೆ ಬರುವ ಸಂಖ್ಯೆ ಸಮತೂಕದ ಬಿಂದು: 1 − (ಹಗುರದ್ದರ ತೂಕ ÷ ಭಾರದ್ದರ ತೂಕ). ಬಾಟಲಿಗೆ 1 − 9/36 = ಶೇ 75. ನಾಲ್ಕರಲ್ಲಿ ಮೂರು ಬಾಟಲಿ ಹರಳಾಗಿ ಹೊರಬಂದರೆ ಮಾತ್ರ ಅದು ಪೌಚಿಗೆ ಸಮ. ಏಕವಸ್ತು ಪೌಚಿಗೆ 1 − 9/12 = ಶೇ 25. ಇದು ಮುಟ್ಟಬಹುದಾದ ಗುರಿ, ಆದರೆ ಹಾಳೆ ಪ್ಲಾಸ್ಟಿಕ್ಕನ್ನು ಪ್ರತ್ಯೇಕ ಕೂಡಿಸುವ ಏರ್ಪಾಡು ಇದ್ದರಷ್ಟೇ.

ಇಷ್ಟು ಹೇಳಿ, ತೂಕ ಒಂದೇ ಅಳತೆಯಲ್ಲ ಎನ್ನುವುದನ್ನೂ ಹೇಳಲೇಬೇಕು. 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಪೆಟ್, 7–9 ಮೈಕ್ರಾನ್ ಅಲ್ಯೂಮಿನಿಯಂ, ಒಳಗೆ ದಪ್ಪ ಪಾಲಿಎಥಿಲೀನ್ ಅಂಟಿಕೊಂಡ ಹಾಳೆಯನ್ನು ಕಸ ಆಯುವವರು ಕೈಯಿಂದಲೂ ಮುಟ್ಟುವುದಿಲ್ಲ, ಕೊಳ್ಳುವವರೇ ಇಲ್ಲವಲ್ಲ. ಕಸ ಎತ್ತುವ ವ್ಯವಸ್ಥೆ ದುರ್ಬಲವಾಗಿರುವ ಕಡೆ ಆ 9 ಗ್ರಾಂ ಚರಂಡಿಯಲ್ಲಿ, ನದಿಯಲ್ಲಿ ಇರುತ್ತದೆ. ಗುಂಡಿಯಲ್ಲಿ ಮುಚ್ಚಿದ 21 ಗ್ರಾಂಗಿಂತ ಹರಿದುಹೋದ 9 ಗ್ರಾಂ ಹೆಚ್ಚು ಕೆಟ್ಟದ್ದಾಗಬಹುದು.

ಎರಡನೆಸುತ್ತು

ಮೈಕ್ರಾನ್ ಅವರ ಗಣಿತ ಸರಿ, ಆದರೆ 0.41 ಎನ್ನುವುದು ಪ್ರಕೃತಿನಿಯಮ ಅಲ್ಲ. ಜರ್ಮನಿಯಲ್ಲಿ ಒಮ್ಮೆ ಬಳಸುವ ಪಾನೀಯ ಬಾಟಲಿಗಳ ಮೇಲೆ 2003ರಿಂದ ಠೇವಣಿ ಇದೆ. ಖಾಲಿ ಬಾಟಲಿ ತಂದುಕೊಟ್ಟರೆ ಹಣ ವಾಪಸು. ಅಲ್ಲಿಯೂ ನಾರ್ವೆಯಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬಾಟಲಿ ಮರಳುತ್ತವೆ. ಮರಳುವುದಷ್ಟೇ ಅಲ್ಲ, ಬೇರೆ ಕಸ ಬೆರೆಯದೆ ಬರುವುದರಿಂದ ವಿಂಗಡಣೆ, ಇಳುವರಿ ಎರಡೂ ಏರುತ್ತವೆ. 0.95 × 0.95 × 0.85 ಹಾಕಿ ನೋಡಿ: 0.77. ಶೇ 75ರ ಗೆರೆ ದಾಟಿತು, ಬಾಟಲಿಯ ಕಸ 8.4 ಗ್ರಾಂಗೆ ಇಳಿಯಿತು. ಪ್ಯಾಕೇಜು ಅದೇ, ಬದಲಾದದ್ದು ಸಂಗ್ರಹ. ಅದಕ್ಕೇ ‘ಮರುಸಂಸ್ಕರಿಸಬಹುದಾದ ಪ್ಯಾಕೇಜು ಕಸ ಇಳಿಸುತ್ತದೆಯೇ’ ಎಂಬ ಪ್ರಶ್ನೆಗೆ ಪ್ಯಾಕೇಜನ್ನು ಮಾತ್ರ ನೋಡಿ ಉತ್ತರ ಹೇಳಲಾಗದು. ಸೋಪಿನ ಬಾಟಲಿಗೆ ಠೇವಣಿ ವಿರಳ ಎನ್ನುವುದನ್ನೂ ಮರೆಯಬೇಡಿ. ಪಾನೀಯದ ಅಂಕಿಯನ್ನು ಎತ್ತಿ ಸೋಪಿಗೆ ಅಂಟಿಸುವಂತಿಲ್ಲ.

ಇನ್ನೊಂದು ಪ್ರಶ್ನೆ ಹರಳಾದ ಮೇಲೆ ಏಳುತ್ತದೆ: ಅದು ಏನಾಯಿತು? ಬಾಟಲಿ ಮತ್ತೆ ಬಾಟಲಿಯಾದರೆ ಅಷ್ಟು ಹೊಸ ಪ್ಲಾಸ್ಟಿಕ್ ತಯಾರಾಗುವುದು ತಪ್ಪಬಹುದು. ಪೆಟ್ ಬಾಟಲಿ ಪಾಲಿಯೆಸ್ಟರ್ ನೂಲಾಗಿ ಬಟ್ಟೆ ಸೇರಿದರೆ ಬಹುತೇಕ ಅಲ್ಲಿಗೇ ಮುಗಿಯಿತು, ಆ ಬಟ್ಟೆ ಇನ್ನೊಂದು ಸುತ್ತಿಗೆ ಬರುವುದು ಅಪರೂಪ. 2017ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ 2015ರವರೆಗೆ ಕಸವಾದ 630 ಕೋಟಿ ಟನ್ ಪ್ಲಾಸ್ಟಿಕ್ಕಿನಲ್ಲಿ ಮರುಸಂಸ್ಕರಣೆ ಕಂಡದ್ದು ಸುಮಾರು ಶೇ 9. ಅದರಲ್ಲೂ ಎರಡನೆಯ ಬಾರಿ ಸಂಸ್ಕರಣೆಯಾದದ್ದು ಹತ್ತನೇ ಒಂದು ಭಾಗ. ಉಳಿದದ್ದರ ಮಟ್ಟಿಗೆ ಆದದ್ದು ಕಸವಾಗುವುದನ್ನು ಮುಂದೂಡಿದ್ದು, ತಪ್ಪಿಸಿದ್ದಲ್ಲ.

ಆದ್ದರಿಂದ ‘ಮರುಬಳಕೆಗೆ ಯೋಗ್ಯ’ ಎನ್ನುವುದಕ್ಕಿಂತ ‘ಇದರಲ್ಲಿ ಶೇ 50 ಹಳೆಯ ಪ್ಲಾಸ್ಟಿಕ್ ಇದೆ’ ಎನ್ನುವುದು ಗಟ್ಟಿ ಮಾತು. ಮೊದಲನೆಯದು ಮುಂದೆ ಆಗಬಹುದಾದದ್ದು, ಎರಡನೆಯದು ಆಗಿಹೋದದ್ದು. ಬಾಟಲಿಯನ್ನೇ ಆರಿಸಿದರೆ ಹಳೆಯ ಎಚ್‌ಡಿಪಿಇ ಹಾಕಿಸಿ. ಆದರೆ ಸೋಪಿಗೆ ಇಲ್ಲೊಂದು ತೊಡಕಿದೆ: ನೊರೆಯ ರಾಸಾಯನಿಕಗಳು ಒತ್ತಡದಲ್ಲಿರುವ ಎಚ್‌ಡಿಪಿಇಯಲ್ಲಿ ಬಿರುಕು ಹುಟ್ಟಿಸುತ್ತವೆ, ಹಳೆಯ ಮಾಲಿನಲ್ಲಿ ಪಾಲಿಪ್ರೊಪಿಲೀನ್ ಬೆರೆತಿದ್ದರೆ ಇನ್ನೂ ಬೇಗ. ಮೂರು ಪದರದ ಬಾಟಲಿ ಮಾಡಿಸಿ, ನಡುಪದರಕ್ಕೆ ಹಳೆಯದು, ಒಳಗೂ ಹೊರಗೂ ತೆಳುವಾಗಿ ಹೊಸದು ಕೊಟ್ಟರೆ ಬಿರುಕೂ ಹತೋಟಿಗೆ ಬರುತ್ತದೆ, ಬಣ್ಣದ ಮಾಸಲೂ ಮರೆಯಾಗುತ್ತದೆ. ತುಂಬಿದ ಬಾಟಲಿಗಳನ್ನು ಬಿಸಿ ಕೋಣೆಯಲ್ಲಿ ಭಾರ ಹೇರಿ ಕೆಲವು ವಾರ ಇಟ್ಟು, ತಳದ ಬೆಸುಗೆ ಗೆರೆ ನೋಡಿ. ಬಿರುಕು ಮೊದಲು ಅಲ್ಲೇ ಕಾಣುತ್ತದೆ.

ಬಿಳಿಹಾಳೆ

ಲೆಕ್ಕ ಸ್ಪಷ್ಟವಾಯಿತು, ಎಲ್ಲರಿಗೂ ಕೃತಜ್ಞತೆ. ಇನ್ನೆರಡು ಕೇಳಬೇಕು. ಅಲ್ಯೂಮಿನಿಯಂ ಬಿಟ್ಟು ಏಕವಸ್ತು ಪೌಚಿಗೆ ಹೋದರೆ ತುಂಬುವ ಯಂತ್ರದಲ್ಲಿ ಏನು ಕೆಡುತ್ತದೆ? ಬಹುಪದರ ಪೌಚನ್ನು ‘ರಾಸಾಯನಿಕ ಮರುಸಂಸ್ಕರಣೆ’ಯಲ್ಲಿ ಎಣ್ಣೆ ಮಾಡಬಹುದು ಎನ್ನುತ್ತಾರಲ್ಲ, ಅದನ್ನು ನಂಬಿಕೊಳ್ಳಬಹುದೇ?

ಮೈಕ್ರಾನ್

ಬೆಸುಗೆ ಕೆಡುತ್ತದೆ. ಪೆಟ್ ಹೊರಪದರ ಸುಮಾರು 250 ಡಿಗ್ರಿಯವರೆಗೆ ಕರಗುವುದಿಲ್ಲ, ಒಳಗಿನ ಪಾಲಿಎಥಿಲೀನ್ 110ರ ಆಸುಪಾಸಿನಲ್ಲೇ ಬೆಸೆಯುತ್ತದೆ. ಯಂತ್ರದ ಬೆಸೆಯುವ ದವಡೆ ಸ್ವಲ್ಪ ಹೆಚ್ಚು ಕಾದರೂ ಅಪಾಯವಿಲ್ಲ. ಒಳಗೂ ಹೊರಗೂ ಪಾಲಿಎಥಿಲೀನೇ ಆದಾಗ ಆ ಅಂತರ ತೀರಾ ಕಿರಿದಾಗುತ್ತದೆ: ಕಡಿಮೆ ಬಿಸಿಯಾದರೆ ಸೋರುತ್ತದೆ, ಹೆಚ್ಚಾದರೆ ಹೊರಮೈ ದವಡೆಗೆ ಅಂಟಿ ಸುಕ್ಕುಗಟ್ಟುತ್ತದೆ. ಹೊರಪದರಕ್ಕೆ ಎಳೆದು ಬಿಗಿಗೊಳಿಸಿದ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್, ಒಳಪದರಕ್ಕೆ ಬೇಗ ಬೆಸೆಯುವ ಮೃದು ಜಾತಿ ಆರಿಸಿ. ದವಡೆಗೆ ಅಂಟದ ಲೇಪನ ಹಾಕಿಸಿ, ಬಿಸಿ ತಗ್ಗಿಸಿ ಒತ್ತುವ ಸಮಯ ಹೆಚ್ಚಿಸಿ. ಯಂತ್ರದ ವೇಗ ಇಳಿಯುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲ ದಿನಗಳಲ್ಲಿ ಸೋರಿ ಬಿಸಾಡುವ ಪೌಚುಗಳೂ ಕಸವೇ. ನೂರಕ್ಕೆ ಮೂರು ಪೌಚು ಸೋರಿದರೆ ಅದರೊಳಗಿನ ಸೋಪೂ ಹೋಯಿತು, ಉಳಿಸಲು ಹೊರಟ ಪ್ಲಾಸ್ಟಿಕ್ಕಿಗಿಂತ ಆ ನಷ್ಟವೇ ದೊಡ್ಡದು.

ಪರಿಮಳ ಉಳಿಯಬೇಕಾದರೆ ಇವಿಒಎಚ್ ಎಂಬ ತಡೆಪದರ ಬೇಕಾಗಬಹುದು. ಒಟ್ಟು ತೂಕದ ಶೇ 5ರೊಳಗೆ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚಾದರೆ ಕರಗಿದ ಮಾಲಿನಲ್ಲಿ ಗಂಟು ಕಟ್ಟುತ್ತದೆ. ನೈಲಾನ್ ಪದರ ಬೇಡವೇ ಬೇಡ.

ತೇಲುಮುಳುಗು

ಎರಡನೆಯದಕ್ಕೆ ನನ್ನ ಉತ್ತರ: ಸದ್ಯಕ್ಕೆ ನಂಬಿಕೊಳ್ಳಬೇಡಿ. ಗಾಳಿಯಿಲ್ಲದೆ 400–500 ಡಿಗ್ರಿಗೆ ಕಾಯಿಸಿದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಎಣ್ಣೆಯಾಗುವುದು ನಿಜ. ಆದರೆ ಪಾಲೊಂದು ಅನಿಲವಾಗಿ, ಪಾಲೊಂದು ಮಸಿಯಾಗಿ ಹೋಗುತ್ತದೆ, ಅನಿಲವನ್ನು ಸಾಮಾನ್ಯವಾಗಿ ಅದೇ ಕುಲುಮೆಗೆ ಉರುವಲು ಮಾಡುತ್ತಾರೆ. ಪೌಚಿನಲ್ಲಿರುವ ಪೆಟ್ ಎಣ್ಣೆಯಾಗುವುದಿಲ್ಲ. ಬೆಂಜಾಯಿಕ್, ಟೆರೆಫ್ತಾಲಿಕ್ ಆಮ್ಲಗಳಾಗಿ ತಣ್ಣನೆಯ ಕೊಳವೆಗಳಲ್ಲಿ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಪಿವಿಸಿ ಸೇರಿದರೆ ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ಹೊಸ ಪ್ಲಾಸ್ಟಿಕ್ ಮಾಡುವ ಘಟಕ ಎಣ್ಣೆಯಲ್ಲಿ ಕೆಲವೇ ಪಿಪಿಎಂ ಕ್ಲೋರಿನ್ ಸಹಿಸುತ್ತದೆ. ಹೀಗಾಗಿ ಇಲ್ಲಿಯೂ ವಿಂಗಡಿಸಿದ ಶುದ್ಧ ಮಾಲೇ ಬೇಕು, ಬೆರಕೆ ಕಸಕ್ಕೆ ಇದು ಮದ್ದಲ್ಲ. ಆ ಎಣ್ಣೆಯನ್ನು ಇಂಧನವಾಗಿ ಸುಟ್ಟರಂತೂ ಅದನ್ನು ಮರುಸಂಸ್ಕರಣೆ ಎಂದು ಕರೆಯಲೇಬಾರದು.

ಹಿತ್ತಲು

ಕೊಳ್ಳುವವರ ಕಡೆಯಿಂದ ಒಂದು ಪ್ರಶ್ನೆ. ಗುರುತು ಸವೆದುಹೋದ ಪ್ಲಾಸ್ಟಿಕ್ಕನ್ನು ಮನೆಯಲ್ಲೇ ಗುರುತಿಸುವುದು ಹೇಗೆ? ಹಾಕುವ ಮುಂಚೆ ಎಷ್ಟು ತೊಳೆಯಬೇಕು?

ತೇಲುಮುಳುಗು

ಗಟ್ಟಿ ಪ್ಲಾಸ್ಟಿಕ್ ಆದರೆ ಹೆಬ್ಬೆರಳುಗುರಿನಷ್ಟು ಚೂರು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ, ಬೆರಳಿನಿಂದ ಗುಳ್ಳೆ ಒರೆಸಿ ಬಿಡಿ. ಸೋಪಿಲ್ಲದಿದ್ದರೆ ಗುಳ್ಳೆ ಅಂಟಿಕೊಂಡು ಮುಳುಗಬೇಕಾದ್ದೂ ತೇಲುತ್ತದೆ. ಮೇಲೆ ಬಂದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ತಳ ಸೇರಿದರೆ ಪೆಟ್, ಪಾಲಿಸ್ಟೈರೀನ್, ಪಿವಿಸಿ, ಇವುಗಳಲ್ಲೊಂದು. ಸುಣ್ಣಕಲ್ಲಿನ ಪುಡಿ ಬೆರೆಸಿದ ಎಚ್‌ಡಿಪಿಇ ಈ ಪರೀಕ್ಷೆಯನ್ನು ಮೋಸಗೊಳಿಸುತ್ತದೆ: ತೂಕದ ಶೇ 10ರಷ್ಟು ಪುಡಿ ಸೇರಿದರೆ ಸಾಂದ್ರತೆ 1.02ಕ್ಕೇರಿ ಮುಳುಗುತ್ತದೆ. ಘಟಕದ ತೊಟ್ಟಿಯಲ್ಲೂ ಮುಳುಗಿ ಕಳೆದುಹೋಗುತ್ತದೆ. ಬಿಳಿಹಾಳೆ ಅವರೇ, ನಿಮ್ಮ ಬಾಟಲಿಗೆ ಆ ಪುಡಿ ಹಾಕಿಸಬೇಡಿ.

ಹಾಳೆಯಾದರೆ ಎಳೆದು ನೋಡಿ. ಪಾಲಿಎಥಿಲೀನ್ ಬೆರಳಿಗೆ ಸಿಕ್ಕಂತೆ ಹಿಗ್ಗುತ್ತದೆ. ಚರಚರ ಸದ್ದು ಮಾಡಿ ಹಿಗ್ಗದೆ ಹರಿದರೆ ಪಾಲಿಪ್ರೊಪಿಲೀನ್, ಪೆಟ್, ಇಲ್ಲವೇ ಬಹುಪದರ. ಒಳಮೈ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಹಾಳೆಗಳ ಜೊತೆ ಹಾಕಬೇಡಿ.

ತೊಳೆಯುವುದು ಹೊಳೆಯುವಷ್ಟಲ್ಲ. ಒಳಗಿನದು ಪೂರ್ತಿ ಖಾಲಿಯಾಗಿ, ಪಾತ್ರೆ ತೊಳೆದ ನೀರಿನಲ್ಲೇ ಒಂದು ಸಲ ಅಲುಗಾಡಿಸಿ ಬಸಿದರೆ ಸಾಕು. ಮುಚ್ಚಳ ಬಾಟಲಿಗೇ ತಿರುಗಿಸಿ ಹಾಕಿ, ಬಿಡಿಯಾಗಿ ಹಾಕಿದರೆ ಜರಡಿಯಲ್ಲಿ ಬಿದ್ದುಹೋಗುತ್ತದೆ. ಮೈತುಂಬ ಸ್ಲೀವ್ ಇದ್ದರೆ ಹರಿದು ತೆಗೆಯಿರಿ. ಕಾಗದವೂ ಪ್ಲಾಸ್ಟಿಕ್ಕೂ ಒಂದೇ ಬುಟ್ಟಿಗೆ ಹೋಗುವ ಕಡೆ ಬಾಟಲಿಯನ್ನು ಹಪ್ಪಳದಂತೆ ಚಪ್ಪಟೆ ಮಾಡಬೇಡಿ, ಯಂತ್ರ ಅದನ್ನು ಕಾಗದದ ಸಾಲಿಗೆ ತಳ್ಳುತ್ತದೆ. ಒಂದು ಡಬ್ಬಿಯೊಳಗೆ ಇನ್ನೊಂದನ್ನು ತುರುಕಬೇಡಿ. ಆಗಬಹುದೇನೋ ಎಂಬ ಆಸೆಯಿಂದ ಸಂಶಯದ ವಸ್ತು ಹಾಕುವುದಕ್ಕಿಂತ ಕಸಕ್ಕೆ ಹಾಕುವುದೇ ಮೇಲು, ಅದು ಒಳ್ಳೆಯ ಮಾಲನ್ನಾದರೂ ಕೆಡಿಸುವುದಿಲ್ಲ.

ಹಳೇಡಬ್ಬಿ

ಇಲ್ಲಿಯವರೆಗಿನ ಚರ್ಚೆಯೆಲ್ಲ ಒಮ್ಮೆ ಬಳಸಿ ಎಸೆಯುವ ಪ್ಯಾಕೇಜಿನ ಸುತ್ತಲೇ ಇದೆ. ಅದೇ ಬಾಟಲಿಗೆ ಮತ್ತೆ ತುಂಬುವ ದಾರಿಯ ಲೆಕ್ಕವನ್ನೂ ಹಾಕಿ. ಮೊದಲ ಸಲ ಬಾಟಲಿ, ಆಮೇಲೆ 9 ಸಲ 9 ಗ್ರಾಂ ಪೌಚಿನಿಂದ ತುಂಬಿಕೊಂಡರೆ ಒಂದು ತುಂಬುವಿಕೆಗೆ (36 + 81) ÷ 10 = 11.7 ಗ್ರಾಂ ಪ್ಲಾಸ್ಟಿಕ್. ಪೌಚನ್ನು 2 ಲೀಟರಿಗೆ ಹಿಗ್ಗಿಸಿ. ಗಾತ್ರ 4 ಪಟ್ಟಾದಾಗ ಮೇಲ್ಮೈ ಸುಮಾರು 2.5 ಪಟ್ಟು ಮಾತ್ರ ಹೆಚ್ಚುತ್ತದೆ. ಹಾಳೆಯನ್ನು ಕೊಂಚ ದಪ್ಪ ಮಾಡಿದರೂ 25 ಗ್ರಾಂ, ಅಂದರೆ 500 ಮಿ.ಲೀ.ಗೆ ಸುಮಾರು 6. ಸೋಪನ್ನು ನಾಲ್ಕು ಪಟ್ಟು ಸಾಂದ್ರ ಮಾಡಿ ನೀರನ್ನು ಮನೆಯಲ್ಲೇ ಬೆರೆಸಿಕೊಳ್ಳುವಂತೆ ಕೊಟ್ಟರೆ ಇನ್ನೂ ಇಳಿಯುತ್ತದೆ. ಯಾವ ಸಂಸ್ಕರಣೆಯ ನೆರವೂ ಇಲ್ಲದೆ ಇಷ್ಟು ಉಳಿತಾಯ.

ಬಾಟಲಿಯನ್ನೇ ವಾಪಸು ತರಿಸಿ ತೊಳೆದು ತುಂಬುವುದಾದರೆ ಎಲ್ಲವೂ ಮರಳುವ ಪ್ರಮಾಣದ ಮೇಲೆ ನಿಂತಿದೆ. ಸರಾಸರಿ ಸುತ್ತು = 1 ÷ (1 − ಮರಳುವ ಪಾಲು). ಶೇ 95 ಮರಳಿದರೆ 20 ಸುತ್ತು, ಶೇ 90ಕ್ಕೆ 10, ಶೇ 80ಕ್ಕೆ 5 ಮಾತ್ರ. ತೊಳೆತ ತಡೆಯಲು ಬಾಟಲಿ ದಪ್ಪ ಇರಬೇಕು, 70 ಗ್ರಾಂ ಎಂದುಕೊಳ್ಳಿ. 20 ಸುತ್ತಾದರೆ ಒಂದು ತುಂಬುವಿಕೆಗೆ 3.5 ಗ್ರಾಂ. 5 ಸುತ್ತಾದರೆ 14 ಗ್ರಾಂ, ಸಾದಾ ಪೌಚಿಗಿಂತ ಹೆಚ್ಚು. ಠೇವಣಿಯಿಲ್ಲದೆ ಬರಿಯ ಮನವಿಯ ಮೇಲೆ ಬಾಟಲಿ ಮರಳುತ್ತದೆ ಎಂದುಕೊಂಡು ದಪ್ಪ ಬಾಟಲಿ ಮಾಡಿಸಿದರೆ ಕಸ ಹೆಚ್ಚುತ್ತದೆ.

ಬಿಳಿಹಾಳೆ

ಹಾಗಾದರೆ ಹಳೆಯ ಪ್ಲಾಸ್ಟಿಕ್ ನಡುಪದರದ ಬಾಟಲಿ, ಜೊತೆಗೆ 2 ಲೀಟರಿನ ಏಕವಸ್ತು ಪೌಚು. ಬಾಟಲಿಗೆ ಒತ್ತುವ ಪಂಪು ಇರಲಿ ಎಂದಿದ್ದೆ. ಪರವಾಗಿಲ್ಲವೇ?

ಎರಡನೆಸುತ್ತು

ಪಂಪಿನೊಳಗೆ ಉಕ್ಕಿನ ಸ್ಪ್ರಿಂಗ್, ಹಲವು ಪಂಪುಗಳಲ್ಲಿ ಗಾಜಿನ ಅಥವಾ ಉಕ್ಕಿನ ಗುಂಡು, ಅದರ ಸುತ್ತ ಎರಡು ಮೂರು ಜಾತಿಯ ಪ್ಲಾಸ್ಟಿಕ್ ಇರುತ್ತವೆ. ಪುಡಿ ಮಾಡುವ ಯಂತ್ರದ ಅಲಗನ್ನು ಸ್ಪ್ರಿಂಗ್ ಮೊಂಡು ಮಾಡುತ್ತದೆ. ಹತ್ತಾರು ಸಲ ತುಂಬಿಕೊಳ್ಳುವ ಬಾಟಲಿಗಾದರೆ ಪಂಪು ಸರಿ, ಆದರೆ ಪೂರ್ತಿ ಪ್ಲಾಸ್ಟಿಕ್ ಸ್ಪ್ರಿಂಗಿನದನ್ನೇ ಕೇಳಿ, ಬಾಯಿ ಅಗಲ ಇಡಿ, ಇಲ್ಲವಾದರೆ ಪೌಚಿನಿಂದ ಸುರಿಯುವಾಗ ಚೆಲ್ಲಿ ಜನ ಎರಡನೆಯ ಸಲ ತುಂಬುವುದಿಲ್ಲ. ಪೌಚಿನ ಮೂತಿಯೂ ಪಾಲಿಎಥಿಲೀನಿನದೇ ಆಗಿರಲಿ. ಬಾಟಲಿಯ ಮೇಲೆ ಕಾಗದದ ಚೀಟಿ ಬೇಡ, ಅದರ ನಾರು ಕರಗಿಸುವ ಯಂತ್ರದಲ್ಲಿ ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಪಾಲಿಎಥಿಲೀನ್ ಚೀಟಿ, ಮೈಯ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ. ಮತ್ತು ಗುರುತಿಗಿಂತ ದೊಡ್ಡ ಅಕ್ಷರದಲ್ಲಿ ‘ಈ ಬಾಟಲಿ ಎಸೆಯಬೇಡಿ, ಮತ್ತೆ ತುಂಬಿ’ ಎಂದು ಅಚ್ಚು ಹಾಕಿಸಿ.